ಎಮ್ಮೆಗಳ ಮಡುವಿಗೆ ಬಂದ ಸುದ್ದಿ

ಹೊಳೆಯಾಚೆಯ ಜಿಂಕೆಗಳ ಮೊರೆ ಹೊತ್ತು ಬೆಳ್ಳಕ್ಕಿಯೊಂದು ಎಮ್ಮೆಗಳ ಮಡುವಿಗೆ ಹಾರಿಬಂತು. ಎಲ್ಲರಿಗಿಂತ ಹಿರಿಯ ಎಮ್ಮೆಯ ಬೆನ್ನ ಮೇಲೆ ಕೂತು ಹೇಳಿತು: "ನಿಮ್ಮ ಹಿಂಡಿನ ಕೋಣರಾಯ ಜಿಂಕೆಗಳ ಮುಖಂಡನನ್ನು ತಿವಿದು ಓಡಿಸಿ, ಆ ಜಾಗದಲ್ಲಿ ನರಿಯನ್ನು ಕೂರಿಸಿದ್ದಾನೆ. ದಿನಕ್ಕೊಂದು ಮರಿ ಕಾಣೆಯಾಗುತ್ತಿದೆ."

"ಪಾಪ," ಎಂದಿತು ಎಮ್ಮೆ, ಕಣ್ಣು ಮುಚ್ಚಿ ಮೆಲುಕು ಹಾಕುತ್ತಲೇ. "ಹೋದ ವರ್ಷ ಮೊಲಗಳ ಕಡೆ ಹೋಗಿದ್ದನಲ್ಲವೇ?"

"ಹೌದು, ಅಲ್ಲೂ ಈಗ ನರಿಯದೇ ಆಳ್ವಿಕೆ. ಇದನ್ನೆಲ್ಲ ನಿಮ್ಮ ಹೆಸರಿನಲ್ಲೇ ಮಾಡುತ್ತಾನೆ, ತಾಯಿ. ನೀವೆಲ್ಲ ಸೇರಿ ಬೇಡವೆಂದರೆ ನಿಲ್ಲಿಸುತ್ತಾನೆ."

"ನಮ್ಮ ಹೆಸರಿನಲ್ಲೇ?" ಎಮ್ಮೆ ಕಣ್ಣು ತೆರೆಯಿತು. ಬೆಳ್ಳಕ್ಕಿಗೆ ಆಸೆ ಚಿಗುರಿತು.

"ಒಳ್ಳೆಯವನು, ನಮ್ಮನ್ನು ಮರೆತಿಲ್ಲ," ಎಂದಿತು ಎಮ್ಮೆ. "ಕಿವಿಯ ಹಿಂದೆ ಉಣ್ಣಿಯೊಂದು ಕಚ್ಚುತ್ತಿದೆ, ಸ್ವಲ್ಪ ನೋಡು."

ಬೆಳ್ಳಕ್ಕಿಗೂ ಹಸಿವಾಗಿತ್ತು. ಮಾತು ನಿಲ್ಲಿಸಿ ಅದು ಕಿವಿಯತ್ತ ಸರಿಯಿತು.