ಹೊಳೆವ್ವನ ಪಾಲಿನ ಅರ್ಧ

ಪೂಜ್ಯ ಹುಚ್ಚೀರಯ್ಯ ಅಜ್ಜನವರು ಆಗ ನಮ್ಮೂರ ಹೊರಗೆ ಜೋಳದ ದಂಟಿನ ಗುಡಿಸಲಿನಲ್ಲಿ ಇರುತ್ತಿದ್ದರು. ಒಂದು ಜೋಳಿಗೆ, ಒಂದು ಕಂಬಳಿ, ಅಷ್ಟೇ ಅವರ ಮಠ. ಕರೆದವರ ಮನೆಯಲ್ಲಿ ಒಪ್ಪತ್ತು ಪ್ರಸಾದ ಸ್ವೀಕರಿಸುವರು. ಕರೆಯದ ದಿನ ನೀರು ಕುಡಿದು ನಗುತ್ತ ಕೂರುವರು.

ಒಂದು ಬೆಳಿಗ್ಗೆ ಫಕೀರವ್ವ ಎರಡು ತಿಂಗಳ ಮೊಮ್ಮಗನನ್ನು ಎತ್ತಿಕೊಂಡು ಓಡಿಬಂದಳು. ಹಿಂದೆಯೇ ಸೊಸೆ ಹೊಳೆವ್ವ ಬಂದು ತಲೆತಗ್ಗಿಸಿ ನಿಂತಳು.

"ಅಜ್ಜಾರ, ಕೂಸು ಒಂದೇ ಸವನ ಅಳ್ತೈತ್ರಿ, ದಿನಾ ಸೊರಗಾಕ ಹತ್ತೈತಿ. ಇಕಿ ಎದಿಹಾಲೂ ಬತ್ತೈತಿ. ಯಾರದೋ ಕೆಟ್ಟ ಕಣ್ಣು ಬಿದ್ದೈತ್ರಿ. ಒಂದು ತಾಯತ ಕಟ್ರಿ ನಮ್ಮಪ್ಪಾ, ಕೂಸು ಉಳೀಲಿ!"

ಅಜ್ಜನವರು ಕೂಸಿನ ತಲೆ ಸವರಿದರು. ಹೊಳೆವ್ವನ ಮುಖವನ್ನು ಬಹಳ ಹೊತ್ತು ನೋಡಿದರು. "ಇವತ್ತು ನಿಮ್ಮನಿಯಾಗ ಪ್ರಸಾದ ಮಾಡ್ತೀನವ್ವ" ಎಂದರು.

ಫಕೀರವ್ವನ ಹಿಗ್ಗು ಕೇಳಬೇಕೆ! ಮಧ್ಯಾಹ್ನ ಪಡಸಾಲೆಯಲ್ಲಿ ಮಣೆ ಹಾಕಿ ಮೊದಲ ಬಿಸಿ ರೊಟ್ಟಿ ತಂದಳು. ಅಜ್ಜನವರೋ, ಮಣೆ ಎತ್ತಿಕೊಂಡು ಹೋಗಿ ಒಲೆಯ ಪಕ್ಕದಲ್ಲೇ ಕುಳಿತುಬಿಟ್ಟರು!

"ಎಲ್ಲಾರದೂ ಆಗಲಿ. ನನಗಂತ ಏನೂ ಎತ್ತಿಡಬ್ಯಾಡ. ಕಡೀಕ ಹೊಳೆವ್ವಗ ಉಳಿಯೋದರಾಗ ಅರ್ಧ ನೀಡು, ಸಾಕು."

ದೊಡ್ಡವರ ಮಾತು ಮೀರುವುದುಂಟೆ? ಮಾವ ಉಂಡ, ಗಂಡ ಉಂಡ, ಮೈದುನ ಉಂಡ. ಕೆಟ್ಟವರೇನಲ್ಲ ಪಾಪ, ಬುಟ್ಟಿಯಲ್ಲಿ ಎಷ್ಟು ಉಳಿಯಿತೆಂದು ಇಣುಕಿ ನೋಡುವ ರೂಢಿಯೇ ಆ ಗಂಡಸರಿಗಿರಲಿಲ್ಲ. ನಸುಕಿನಿಂದ ನೀರು, ಸೌದೆ, ಕಳೆ ಎಂದು ದುಡಿದ ಹೊಳೆವ್ವ ಕೊನೆಗೆ ಬುಟ್ಟಿ ತಂದಿಟ್ಟಳು. ಒಂದೇ ರೊಟ್ಟಿ. ಗಡಿಗೆಯ ತಳದಲ್ಲಿ ಒಂದಿಷ್ಟು ತಿಳಿಸಾರು. ದಿನವೂ ಅತ್ತೆ ಸೊಸೆ ಇಬ್ಬರೂ ಹಂಚಿಕೊಳ್ಳುವುದು ಅಷ್ಟನ್ನೇ.

ಫಕೀರವ್ವನಿಗೆ ನಾಚಿಕೆಯಾಯಿತು. "ತಡೀರಿ ಅಜ್ಜಾರ, ಇನ್ನೆರಡು ರೊಟ್ಟಿ ಬಡೀತೀನಿ."

"ನನಗ ಬಡೀತಿ. ಈ ಹಡದಾಕಿಗೆ ಎಂದಾದ್ರೂ ಬಡದೀಯೇನವ್ವ?"

ಫಕೀರವ್ವ ಬುಟ್ಟಿಯ ಮುಂದೆ ಕುಳಿತಳು. "ನಾನೂ ನಾಕು ಹಡದೇನ್ರಿ. ಎರಡನ್ನ ಮಣ್ಣಾಗ ಇಟ್ಟೇನಿ. ಆವಾಗಲೂ ಕಣ್ಣು ಬಿದ್ದೈತಿ ಅಂತ ಬರೀ ತಾಯತ ಕಟ್ಟಿದ್ರು ಅಜ್ಜಾರ..."

ಅಜ್ಜನವರ ಕಣ್ಣು ತುಂಬಿ ಬಂದವು. ರೊಟ್ಟಿಯ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, "ನನ್ನ ಪ್ರಸಾದ ಆತು" ಎಂದು ಮೇಲೆದ್ದರು. ಉಳಿದದ್ದನ್ನು ಫಕೀರವ್ವ ಸಾರಿನಲ್ಲಿ ಅದ್ದಿ ಸೊಸೆಯ ಬಾಯಿಗೆ ತಾನೇ ತುತ್ತಿಟ್ಟಳು.

ಮರುದಿನದಿಂದ ಆ ಮನೆಯ ಮೊದಲ ರೊಟ್ಟಿ ಹೊಳೆವ್ವನದು. ಗಂಡಸರಿಗೆ ಅರ್ಧರ್ಧ ರೊಟ್ಟಿ ಕಡಿಮೆ ಬಿತ್ತು, ಅದರಿಂದ ಯಾರೂ ಸಾಯಲಿಲ್ಲ! ತಿಂಗಳೊಪ್ಪತ್ತಿನಲ್ಲಿ ಕೂಸು ಕೇಕೆ ಹಾಕಿ ನಗತೊಡಗಿತು.

ಮುಂದೆ ಊರಲ್ಲಿ ಯಾರ ಮನೆಯ ಕೂಸು ಬಿಡದೆ ಅತ್ತರೂ ಫಕೀರವ್ವ ಹೋಗುತ್ತಿದ್ದಳು. ಹೋದವಳು ತೊಟ್ಟಿಲ ಹತ್ತಿರ ನಿಲ್ಲದೆ ನೇರ ಒಲೆಯ ಬಳಿ ನಡೆದು, ಮೊದಲು ರೊಟ್ಟಿ ಬುಟ್ಟಿಯ ಮುಚ್ಚಳ ತೆಗೆದು ನೋಡುತ್ತಿದ್ದಳು.