ಬಾದಾಮಿ ಎಲೆ, ಗರಿಕೆಯ ಹಾಸು

"ಗುರುಗಳೇ, ಸತ್ತವರನ್ನು ಮರೆಯಬೇಕೋ, ನೆನೆಯುತ್ತಿರಬೇಕೋ?" ಎಂದು ಶಿಷ್ಯ ಮಡಿವಾಳಪ್ಪ ಕೇಳಿದ.

ಹಿಂದಿನ ಮಳೆಗಾಲದಲ್ಲಿ ಅವನ ತಾಯಿ ತೀರಿಕೊಂಡಿದ್ದಳು. ಅಂದಿನಿಂದ ಅವನಿಗೆ ಊಟ ರುಚಿಸುತ್ತಿರಲಿಲ್ಲ, ಪಾಠ ತಲೆಗೆ ಹತ್ತುತ್ತಿರಲಿಲ್ಲ. "ಮಠದ ಹಿರಿಯರು, ಮರೆತುಬಿಡು, ಅದೇ ವೈರಾಗ್ಯ ಅನ್ನುತ್ತಾರೆ. ಊರಿಗೆ ಹೋದರೆ ಅಕ್ಕ, ಹೆತ್ತವಳನ್ನು ಮರೆಯುವವನು ಮನುಷ್ಯನೇನೋ ಅನ್ನುತ್ತಾಳೆ. ಮರೆಯಲು ಹೋದರೆ ಒಳಗೆಲ್ಲ ಒಣಗಿದ ಹಾಗಾಗುತ್ತದೆ. ನೆನೆಯಲು ಕೂತರೆ ಉಸಿರು ಕಟ್ಟುತ್ತದೆ. ನನಗೆ ಒಂದೂ ತಿಳಿಯದಾಗಿದೆ."

"ತಿಳಿಯದಿದ್ದರೆ ಸುಮ್ಮನೆ ಕೂತು ಕೇಳು" ಎಂದರು ಗುರುಗಳು. "ನಡುವೆ ಬಾಯಿ ಹಾಕಿದೆಯೋ, ಎದ್ದು ಹೋಗುತ್ತೇನೆ." ಹಾಗೆಂದು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ವರ್ತಕನಿದ್ದ. ಅವನ ಹೆಂಡತಿ ಮನೆಯ ಮುಂದೆ ಗರಿಕೆಯ ಹಾಸು ಬೆಳೆಸಿದ್ದಳು, ಅದರ ಪಕ್ಕದಲ್ಲಿ ಒಂದು ಬಾದಾಮಿ ಮರ ನೆಟ್ಟಿದ್ದಳು. ವರ್ತಕ ಅತ್ತ ತಿರುಗಿಯೂ ನೋಡಿದವನಲ್ಲ. ಹುಲ್ಲು ನೋಡಲು ಅವನೇನು ಎಮ್ಮೆಯೇ? ಅಂಗಡಿಯಾಯಿತು, ಅವನಾಯಿತು. ಒಮ್ಮೆ ಹೆಂಡತಿ ಜ್ವರ ಬಂದು ಸತ್ತಳು. ಮಕ್ಕಳಿರಲಿಲ್ಲ. ಆಮೇಲೆ ಕಣ್ಣು ಬಿಟ್ಟು ನೋಡುತ್ತಾನೆ, ಅವಳ ಕೈಯಲ್ಲಿ ಬೆಳೆದದ್ದೆಂದು ಉಳಿದಿರುವುದು ಆ ಮರ, ಆ ಹುಲ್ಲು ಅಷ್ಟೇ. ಇದನ್ನು ಮಾತ್ರ ಸಾಯಲು ಬಿಡುವುದಿಲ್ಲ ಎಂದು ಹಟ ಹಿಡಿದ.

ಹಟ ಹಿಡಿದರೆ ಆಯಿತೇ? ಕೆಲಸ ಗೊತ್ತಿರಬೇಡವೇ? ಅವನ ಸೋದರತ್ತೆ ಬಂದು ನೋಡಿದಳು. "ಏನೋ ಇದು, ಅಂಗಳದ ತುಂಬ ಕಸ! ಗುಡಿಸಿ ಸುಟ್ಟುಹಾಕು. ಕಣ್ಣಿಗೆ ಬಿದ್ದಾಗಲೆಲ್ಲ ಅವಳೇ ನೆನಪಾಗುತ್ತಾಳೆ" ಎಂದಳು.

ವರ್ತಕ ಹಾಗೇ ಮಾಡಿದ. ಎಲೆ ಬಿದ್ದ ಕೂಡಲೇ ಗುಡಿಸಿದ, ಸುಟ್ಟ. ಹುಲ್ಲು ಕತ್ತರಿಸಿದಾಗಲೆಲ್ಲ ಕತ್ತರಿಸಿದ್ದನ್ನು ಬುಟ್ಟಿಗೆ ತುಂಬಿ ಊರಾಚೆ ಸುರಿದು ಬಂದ. ಅಂಗಳ ತೊಳೆದ ತಟ್ಟೆಯ ಹಾಗಾಯಿತು. ಸೋದರತ್ತೆ ಮೆಚ್ಚಿಕೊಂಡಳು. ಹುಲ್ಲು ಮೆಚ್ಚಲಿಲ್ಲ. ನೆಲ ಬಿಸಿಲಿಗೆ ಬಿರಿಯಿತು. ಬೆಳಿಗ್ಗೆ ಹೊಯ್ದ ನೀರು ಮಧ್ಯಾಹ್ನದೊಳಗೆ ಆರಿ, ಗರಿಕೆ ಒಣಗತೊಡಗಿತು.

ನೆರೆಮನೆಯವನು ಬೇಲಿಯಾಚೆಯಿಂದ ನೋಡಿ ನಕ್ಕ. "ಕಾಡಿನಲ್ಲಿ ಯಾರಯ್ಯಾ ಗುಡಿಸುತ್ತಾರೆ? ಬಿದ್ದದ್ದು ಬಿದ್ದಲ್ಲೇ ಇರಲಿ ಬಿಡು" ಎಂದ.

ವರ್ತಕನಿಗೆ ಅದೂ ಸರಿಯೆನಿಸಿತು. ಅವನಿಗೆ ಎಲ್ಲರ ಮಾತೂ ಸರಿಯೆನಿಸುತ್ತಿತ್ತು, ನಿನ್ನ ಹಾಗೆಯೇ. ಪೊರಕೆಯನ್ನು ಅಟ್ಟಕ್ಕೆಸೆದ. ಕತ್ತರಿಸಿದ ಹುಲ್ಲು ಗುಡ್ಡೆಗುಡ್ಡೆಯಾಗಿ ಅಲ್ಲೇ ಬಿತ್ತು. ಅಂಗೈಗಿಂತ ಅಗಲದ ಬಾದಾಮಿ ಎಲೆಗಳು ಒಂದರ ಮೇಲೊಂದು ಕೂತವು. ಅವಳ ಮರದ ಎಲೆ, ಒಂದನ್ನೂ ಯಾರೂ ಮುಟ್ಟಕೂಡದು ಎಂದು ಆಳುಗಳಿಗೂ ಗದರಿದ. ಮಳೆ ಹೊಯ್ದು ಎಲ್ಲವೂ ಒಂದಕ್ಕೊಂದು ಅಂಟಿ ಚಾಪೆಯಾಯಿತು. ಕೊನೆಗೊಂದು ಬೆಳಿಗ್ಗೆ ವಾಸನೆ ತಾಳಲಾರದೆ ಎತ್ತಿ ನೋಡಿದ. ಅಡಿಯಲ್ಲಿ ಹುಲ್ಲು ಬಿಳಿಚಿಕೊಂಡು ಕೊಳೆಯುತ್ತಿತ್ತು.

ಈಗ ಹೇಳು, ಅವನು ಏನು ಮಾಡಬೇಕು? ಬೇಡ, ಹೇಳಬೇಡ. ಅವನಿಗೇ ಗೊತ್ತಿರಲಿಲ್ಲ, ನಿನಗೇನು ಗೊತ್ತು! ಗುಡಿಸಿದರೆ ಒಣಗಿ ಸಾಯುತ್ತದೆ, ಗುಡಿಸದಿದ್ದರೆ ಕೊಳೆತು ಸಾಯುತ್ತದೆ. ಕೊಳೆತದ್ದನ್ನೆಲ್ಲ ಎತ್ತಿ ಹಾಕಿದ ಮೇಲೆ ಅಲ್ಲಿಷ್ಟು ಇಲ್ಲಿಷ್ಟು ಗರಿಕೆ ಮಾತ್ರ ಉಳಿದಿತ್ತು.

ಚಳಿಗಾಲ ಬಂತು. ಮರ ಮತ್ತೆ ಎಲೆ ಉದುರಿಸಿತು. ವರ್ತಕ ಪೊರಕೆ ಹಿಡಿದು ಅಂಗಳಕ್ಕಿಳಿದ, ಹಿಂದಕ್ಕೆ ಬಂದ, ಮತ್ತೆ ಇಳಿದ. ಅವನ ತಲೆ ಕೆಟ್ಟುಹೋಯಿತು. ಪೊರಕೆಯನ್ನು ಬಿಸಾಡಿ, "ಹೋಗುವವಳು ಇದನ್ನೆಲ್ಲ ಯಾಕೆ ನೆಟ್ಟೆಯೇ! ನೆಟ್ಟಮೇಲೆ ಒಂದು ಮಾತು ಹೇಳಿ ಹೋಗಬಾರದಿತ್ತೇ!" ಎಂದು ಕೂಗುತ್ತ ಒಣಗಿದ ಎಲೆಗಳನ್ನು ತುಳಿದ, ಕೈಯಲ್ಲಿ ಹಿಡಿದು ಹಿಸುಕಿದ, ಪುಡಿಪುಡಿ ಮಾಡಿದ. ಆಮೇಲೆ ಅಲ್ಲೇ ಕುಸಿದು ಕೂತು ಗೋಳೋ ಎಂದು ಅತ್ತ. ಅವಳು ಸತ್ತ ಮೇಲೆ ಅವನು ಬಾಯಿ ಬಿಟ್ಟು ಅತ್ತದ್ದು ಅದೇ ಮೊದಲು.

ಎಲೆಯ ಪುಡಿ ಗರಿಕೆಯ ನಡುವೆ ಇಳಿದುಹೋಯಿತು. ಕೆಲವು ದಿನಗಳ ಮೇಲೆ ನೋಡುತ್ತಾನೆ, ತಾನು ತುಳಿದಾಡಿದ ಜಾಗದಲ್ಲಿ ನೆಲ ತಂಪಾಗಿದೆ, ಗರಿಕೆ ಚಿಗುರಿದೆ. ಬೇರೆ ಕಡೆ ಇಲ್ಲ. ಅಂದಿನಿಂದ ಅವನು ಸಂಜೆ ಅಂಗಡಿ ಮುಚ್ಚಿ ಬಂದು, ಅಂಗಳದಲ್ಲಿ ಕೂತು, ಒಂದು ಹಿಡಿ ಎಲೆ ಪುಡಿಮಾಡಿ ಹುಲ್ಲಿಗೆ ಹಾಕುತ್ತಿದ್ದ. ಕತ್ತರಿಸಿದ ಹುಲ್ಲನ್ನು ಅಲ್ಲೇ ತೆಳ್ಳಗೆ ಉದುರಿಸುತ್ತಿದ್ದ. "ಏನು ಮಾಡುತ್ತಿದ್ದೀರಿ ಸಾಹುಕಾರರೇ?" ಎಂದು ದಾರಿಯಲ್ಲಿ ಹೋಗುವವರು ಕೇಳಿದರೆ, ಹೆಂಡತಿಯ ಒಂದು ಸಣ್ಣ ಸಂಗತಿ ಹೇಳುತ್ತಿದ್ದ. ಒಂದೇ ಒಂದು. ಮರುದಿನ ಇನ್ನೊಂದು. ಅಂಗಳ ಹಸಿರಾಯಿತು.

ಗುರುಗಳು ಕತೆ ನಿಲ್ಲಿಸಿದರು. ಮಡಿವಾಳಪ್ಪ ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದ. "ಹಾಗಾದರೆ ಮರೆಯಬೇಕೆಂದೋ, ನೆನೆಯಬೇಕೆಂದೋ? ನನಗೆ ಇನ್ನೂ ತಿಳಿಯಲಿಲ್ಲ ಗುರುಗಳೇ" ಎಂದ.

ಗುರುಗಳು ಅವನ ಹತ್ತಿರ ಸರಿದು ಕೂತರು.

"ತಪ್ಪು ಮಾಡಿದಾಗ ನಿನ್ನ ತಾಯಿ ನಿನ್ನನ್ನು ಏನೆಂದು ಬೈಯುತ್ತಿದ್ದಳು, ಇವತ್ತಿಗೆ ಅದೊಂದೇ ಹೇಳು. ನಾಳೆ ಇನ್ನೊಂದು."

ಮಡಿವಾಳಪ್ಪ ಬಾಯಿ ತೆರೆದ. "ಎಮ್ಮೆ ಅನ್ನುತ್ತಿದ್ದಳು" ಎಂದವನೇ ಗೋಳೋ ಎಂದು ಅತ್ತ.