ಗಂಟೆಯ ಕಾಲು ಸುತ್ತು

ಹೊಳೆದಂಡೆಯ ಇಗರ್ಜಿಯ ಹಳೆಯ ಗಂಟೆಗೆ ಒಡಕು ಮಡಕೆಯ ದನಿ ಬಂದಿತ್ತು. ರಿಪೇರಿಗೆ ಬಂದ ಪಾಸ್ಕಾಲ ಮೇಸ್ತ್ರಿ ಗೋಪುರ ಹತ್ತಿ ನೋಡಿ, “ಸವೆದ ಜಾಗ ತಪ್ಪುವಂತೆ ಕಾಲು ಸುತ್ತು ತಿರುಗಿಸುವ, ಫಾದರ್. ಜಗ್ಗದಿದ್ದರೆ ಕರಗಿಸುವುದೇ” ಎಂದು ಪಾದ್ರಿಗಳಿಗೆ ಹೇಳಿ ಸ್ಪ್ಯಾನರ್ ತರಲು ಇಳಿದರು.

ಹೆದರಿದ ಗಂಟೆ ತನ್ನ ನಾಲಿಗೆಯ ಮೇಲೆ ಹರಿಹಾಯ್ದಿತು. “ನೂರು ವರ್ಷ ಒಂದೇ ಕಡೆ ಬಡಿದು ನನ್ನ ಅಂಚು ಸವೆಸಿದವನು ನೀನು.”

“ನಾನು ಕಟ್ಟುಬಿದ್ದವನು, ಅಮ್ಮಾ. ಎದುರಿಗೆ ಸಿಕ್ಕಲ್ಲಿ ಬಡಿಯುತ್ತೇನೆ. ನೀವು ಒಮ್ಮೆಯೂ ಮಗ್ಗುಲು ಬದಲಿಸಲಿಲ್ಲ.”

ನಿಜವಾದ ಮಾತಿಗೆ ಮಾತ್ರ ಲೊಚಗುಟ್ಟುವ ಗೋಡೆಯ ಹಲ್ಲಿ ಲೊಚಗುಟ್ಟಿತು.

“ನನ್ನ ಮೈಮೇಲಿನ ಶಿಲುಬೆ ಊರಿಗೆ ಕಾಣಬೇಡವೇ?” ಎಂದಿತು ಗಂಟೆ.

“ಇಷ್ಟೆತ್ತರದಲ್ಲಿ ಅದನ್ನು ನೋಡುವವಳು ನಾನೊಬ್ಬಳೇ,” ಎಂದಿತು ಹಲ್ಲಿ. “ಊರಿಗೆ ಬೇಕಾದದ್ದು ನಿಮ್ಮ ದನಿ.”

ಮೇಸ್ತ್ರಿ ಬಂದು ಬೋಲ್ಟು ಸಡಿಲಿಸಿ ಭುಜ ಕೊಟ್ಟರು. ಗಂಟೆ ಮೊದಲು ಬಿಗಿದು ನಿಂತಿತು; ಆಮೇಲೆ ಕುಲುಮೆ ನೆನಪಾಗಿ ಮೆಲ್ಲನೆ ತಿರುಗಿತು. ನಾಲಿಗೆ ಸವೆಯದ ಅಂಚಿಗೆ ಬಡಿದೊಡನೆ, ಹೊಳೆಯಾಚೆಯ ದೋಣಿಯವನು ಹುಟ್ಟು ನಿಲ್ಲಿಸಿ ಶಿಲುಬೆಯ ಗುರುತು ಮಾಡಿದ.

“ತಿರುಗಬೇಕೆಂದು ನಾನು ಮೊದಲೇ ಅಂದುಕೊಂಡಿದ್ದೆ,” ಎಂದಿತು ಗಂಟೆ.

ಹಲ್ಲಿ ಸುಮ್ಮನಿತ್ತು.

“ಆಗಲಿ, ತಪ್ಪು ನಾಲಿಗೆಯದಲ್ಲ.”

ಹಲ್ಲಿ ಲೊಚಗುಟ್ಟಿತು.